ಗಡ್ಡೆ ಕುಗ್ಗಿದರೂ ರಿಪೋರ್ಟ್‌ನಲ್ಲಿ ‘ಸ್ಟೇಬಲ್’ ಯಾಕೆ?

ಪ್ರಶ್ನೆ (ಡೊಂಬಿವಲಿ): ಡಾಕ್ಟ್ರೇ, ನಮ್ಮ ಮಾವನವರು ಮುಂಬೈನ ಪರೇಲ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಹೊಸ ಔಷಧದ ಟ್ರಯಲ್‌ನಲ್ಲಿದ್ದಾರೆ. ಶುರುವಿನಲ್ಲಿ ಗಡ್ಡೆಗಳ ಒಟ್ಟು ಅಳತೆ 84 ಮಿ.ಮೀ. ಇತ್ತು, ಈಗ 62. ಆದರೂ ‘ಸ್ಟೇಬಲ್ ಡಿಸೀಸ್’ (ರೋಗ ಸ್ಥಿರವಾಗಿದೆ) ಅಂತ ಬರೆದಿದ್ದಾರೆ. ಮುಂದಿನ ಸಿ.ಟಿ. ಮನೆ ಹತ್ತಿರವೇ ಮಾಡಿಸಬಹುದಾ?

ಉತ್ತರ (ರೇಡಿಯಾಲಜಿಸ್ಟ್): 84ರಿಂದ 62 ಅಂದರೆ ಶೇ. 26 ಇಳಿಕೆ. ಟ್ರಯಲ್‌ಗಳಲ್ಲಿ ಗಡ್ಡೆ ಅಳೆಯಲು ಬಳಸುವ 2009ರ ರೆಸಿಸ್ಟ್ 1.1 ನಿಯಮದಲ್ಲಿ ‘ಪಾರ್ಷಿಯಲ್ ರೆಸ್ಪಾನ್ಸ್’ (ಭಾಗಶಃ ಕುಗ್ಗಿದೆ) ಅನ್ನಿಸಿಕೊಳ್ಳಲು ಕನಿಷ್ಠ ಶೇ. 30 ಇಳಿಯಬೇಕು, ನಿಮ್ಮ ಲೆಕ್ಕದಲ್ಲಿ 58.8ಕ್ಕೆ ಬರಬೇಕು. ಔಷಧ ಕೆಲಸ ಮಾಡುತ್ತಿಲ್ಲ ಅಂತ ಇದರ ಅರ್ಥವಲ್ಲ.

ಅಳೆಯುವುದು ಎಲ್ಲ ಗಡ್ಡೆಗಳನ್ನೂ ಅಲ್ಲ. ಮೊದಲ ಸ್ಕ್ಯಾನ್‌ನಲ್ಲೇ ಹೆಚ್ಚೆಂದರೆ ಐದನ್ನು, ಒಂದು ಅಂಗದಲ್ಲಿ ಎರಡಕ್ಕೆ ಮೀರದಂತೆ, ಆರಿಸಿಡುತ್ತಾರೆ. ಗಡ್ಡೆಯಾದರೆ ಅತಿ ಉದ್ದದ ವ್ಯಾಸ, ಕನಿಷ್ಠ 10 ಮಿ.ಮೀ. ದುಗ್ಧಗ್ರಂಥಿಯಾದರೆ ಕಿರಿದಾದ ಅಡ್ಡಗಲ, ಕನಿಷ್ಠ 15. ಕೊನೆಯವರೆಗೂ ಅವನ್ನೇ ಅಳೆಯಬೇಕು.

ಮನೆ ಹತ್ತಿರದ ಸ್ಕ್ಯಾನ್ ಬೇಡ. ಮೊದಲು ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಿಸುವ ಔಷಧ) ಕೊಟ್ಟು ತೆಗೆದು, ಆಮೇಲೆ ಅದಿಲ್ಲದೆ ಪ್ಲೇನ್ ತೆಗೆದರೆ ಲಿವರ್ ಗಡ್ಡೆಯ ಅಂಚೇ ಮಸುಕಾಗುತ್ತದೆ. ಸ್ಲೈಸ್ (ಸಿ.ಟಿ. ತೆಗೆಯುವ ಒಂದೊಂದು ಪದರ) 5 ಮಿ.ಮೀ.ಗಿಂತ ದಪ್ಪವಾದರೆ ಸಣ್ಣ ಗಡ್ಡೆಯ ಅಳತೆ ನಂಬುವ ಹಾಗಿಲ್ಲ. ಶ್ವಾಸಕೋಶದ ಒಂದು ಭಾಗ ಮುದುಡಿಕೊಂಡಿದ್ದರಂತೂ ಗಡ್ಡೆ ಎಲ್ಲಿ ಮುಗಿಯಿತು ಅಂತ ಇಬ್ಬರು ರೇಡಿಯಾಲಜಿಸ್ಟ್‌ಗಳು ಎರಡು ಗೆರೆ ಎಳೆಯುತ್ತಾರೆ. ಅದೇ ಮಷಿನ್, ಅದೇ ಪ್ರೋಟೋಕಾಲ್, ಆದಷ್ಟು ಅದೇ ಓದುಗರು. ಅನಿವಾರ್ಯವಾಗಿ ಹೊರಗೆ ಮಾಡಿಸಿದರೆ ಫಿಲ್ಮ್ ಸಾಲದು, ಡೈಕಾಮ್ ಸಿ.ಡಿ. (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳು) ಕೇಳಿ ತನ್ನಿ.

ಪ್ರಶ್ನೆ: 56ಕ್ಕೆ ಇಳಿದು ಮತ್ತೆ 66 ಆದರೆ? 84ಕ್ಕಿಂತ ಕಡಿಮೆಯೇ ಅಲ್ವಾ?

ಉತ್ತರ (ರೇಡಿಯಾಲಜಿಸ್ಟ್): ಏರಿಕೆಯನ್ನು ಹೋಲಿಸುವುದು 84ಕ್ಕಲ್ಲ, ಅಲ್ಲಿವರೆಗಿನ ಅತಿ ಕಡಿಮೆ ಮೊತ್ತಕ್ಕೆ. 56ರಿಂದ ಶೇ. 20 ಏರಬೇಕು, ಜೊತೆಗೆ ಕನಿಷ್ಠ 5 ಮಿ.ಮೀ. ಹೆಚ್ಚಾಗಿರಬೇಕು. 66 ಆದರೆ ಇನ್ನೂ ದಾಟಿಲ್ಲ. 68 ಆದರೆ ‘ಪ್ರೋಗ್ರೆಷನ್’ (ರೋಗ ಬೆಳೆದಿದೆ). ಖಚಿತವಾಗಿ ಹೊಸ ಗಡ್ಡೆ ಕಂಡರೆ ಮೊತ್ತ ಎಷ್ಟೇ ಇರಲಿ, ಪ್ರೋಗ್ರೆಷನ್ನೇ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಟ್ರಯಲ್ ಆಗಿದ್ದು ಅದಕ್ಕೆಂದೇ ಇರುವ 2017ರ ಐರೆಸಿಸ್ಟ್ ನಿಯಮ ಬಳಸುತ್ತಿದ್ದರೆ ತುಸು ತಡೆಯುತ್ತಾರೆ: ರೋಗಿ ಗಟ್ಟಿಯಾಗಿದ್ದರೆ 4–8 ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಪ್ರಶ್ನೆ: ಆಯುಷ್ಯ ಎಷ್ಟು ಹೆಚ್ಚಿತು ಅಂತ ನೋಡುವುದು ಬಿಟ್ಟು ಈ ಮಿಲಿಮೀಟರ್ ಲೆಕ್ಕ ಯಾಕೆ?

ಉತ್ತರ (ಆಂಕಾಲಜಿಸ್ಟ್, ಪುಣೆ): ಇಂಥ ಗಡ್ಡೆ ತಾನಾಗಿ ಕುಗ್ಗುವುದು ತೀರಾ ಅಪರೂಪ. ಹಾಗಾಗಿ ಹೋಲಿಕೆಯ ಗುಂಪಿಲ್ಲದೆ, ಕೆಲವೇ ರೋಗಿಗಳಲ್ಲೇ ಸುಳಿವು ಸಿಗುತ್ತದೆ. ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಸೈಮನ್ 1989ರಲ್ಲಿ ಕೊಟ್ಟ ಎರಡು ಹಂತದ ಟ್ರಯಲ್ ವಿನ್ಯಾಸ ನೋಡಿ: ಶೇ. 10 ಜನರಲ್ಲಷ್ಟೇ ಕುಗ್ಗಿದರೆ ಔಷಧ ಬೇಡ, ಶೇ. 30 ಆದರೆ ಬೇಕು ಅಂದುಕೊಂಡರೆ, ಮೊದಲ 10 ಜನರಲ್ಲಿ ಒಬ್ಬರಿಗೋ ಯಾರಿಗೂ ಇಲ್ಲವೋ ರೆಸ್ಪಾನ್ಸ್ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲವಾದರೆ 29 ಜನರವರೆಗೆ ಹೋಗಿ, ಆರು ಅಥವಾ ಹೆಚ್ಚು ಜನರಲ್ಲಿ ಕುಗ್ಗಿದರೆ ಮುಂದಿನ ದೊಡ್ಡ ಟ್ರಯಲ್‌ಗೆ ದಾರಿ. ಆಯುಷ್ಯದ ಪ್ರಶ್ನೆಗೆ ಉತ್ತರ ಆ ದೊಡ್ಡ ಟ್ರಯಲ್‌ನಲ್ಲೇ. ಕುಗ್ಗಿಸುವ ಔಷಧವೆಲ್ಲ ಬದುಕಿಸುತ್ತದೆ ಅನ್ನುವ ಹಾಗಿಲ್ಲ. ಮಾವನವರ ಡಾಕ್ಟರನ್ನು ಶೇಕಡಾ ಎಷ್ಟು ಅಂತಷ್ಟೇ ಕೇಳಬೇಡಿ, ಎಷ್ಟು ತಿಂಗಳು ಅದೇ ಮಟ್ಟದಲ್ಲಿ ನಿಂತಿದೆ ಅಂತಲೂ ಕೇಳಿ.