ಸೋಸೆಕಿಯವರ 'ಕೊಕೊರೊ' ಕಾದಂಬರಿಯಲ್ಲಿ ಸೆನ್ಸೆಯ ಸಾವು: ಆಧುನಿಕತೆಯಿಂದ ಹಿಂದೆ ಸರಿದದ್ದೇ?

ಪ್ರಶ್ನೆ

ನಾತ್ಸುಮೆ ಸೋಸೆಕಿಯವರು 1914ರಲ್ಲಿ ಬರೆದ 'ಕೊಕೊರೊ'ವನ್ನು ಅನುವಾದದಲ್ಲಿ ಎರಡನೆಯ ಸಲ ಓದಿ ಮುಗಿಸಿದೆ. ಗೆಳೆಯನಿಗೆ ಬಗೆದ ದ್ರೋಹದ ಭಾರವನ್ನು ವರ್ಷಗಟ್ಟಲೆ ಹೊತ್ತು ಬದುಕಿದ 'ಸೆನ್ಸೆ' (ಎಂದರೆ ಗುರು), 1912ರಲ್ಲಿ ಜಪಾನಿನ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಸೇನಾನಿ ಜನರಲ್ ನೋಗಿ ತಾನಾಗಿಯೇ ಪ್ರಾಣ ಬಿಟ್ಟ ಸುದ್ದಿ ತಿಳಿದ ಮೇಲೆ ತಾನೂ ಸಾಯಲು ನಿರ್ಧರಿಸುತ್ತಾನೆ. ಅದನ್ನು ಆ ಚಕ್ರವರ್ತಿಯ ಆಳ್ವಿಕೆಯ ಕಾಲವಾದ ಮೇಜಿ ಯುಗದ ಚೈತನ್ಯವನ್ನು ಹಿಂಬಾಲಿಸುವ ಸಾವು ಎಂದು ಕರೆಯುತ್ತಾನೆ. ನನಗೆ ತೊಡಕಾಗಿರುವುದು ಇಲ್ಲಿಯೇ. ಸ್ವಾತಂತ್ರ್ಯವೂ 'ನಾನು' ಎಂಬ ಭಾವವೂ ತುಂಬಿದ ಕಾಲದಲ್ಲಿ ಹುಟ್ಟಿದವರು ಅದಕ್ಕೆ ಬೆಲೆಯಾಗಿ ಒಂಟಿತನವನ್ನು ಉಣ್ಣಲೇಬೇಕು ಎಂದು ಕಾದಂಬರಿಯ ಮೊದಲ ಭಾಗದಲ್ಲಿ ಅಷ್ಟು ನಿಚ್ಚಳವಾಗಿ ಹೇಳಿದ ಮನುಷ್ಯ, ಕೊನೆಗೆ ಸಮುರಾಯ್ ನಿಷ್ಠೆಯ ಮಾತನ್ನು ಏಕೆ ಎತ್ತಿಕೊಳ್ಳುತ್ತಾನೆ? ಆ ಕಾಲದ ಜಪಾನಿ ಕಾದಂಬರಿಕಾರರಿಗೆ ಆಧುನಿಕತೆಯೆಂದರೆ ಪಶ್ಚಿಮವನ್ನು ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆ ಮಾತ್ರವಾಗಿತ್ತೇ?

ಮೊದಲ ಉತ್ತರ

ಆ ಪುಟವನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಒಡೆಯನ ಹಿಂದೆಯೇ ಪ್ರಾಣ ಬಿಡುವುದಕ್ಕೆ ಜಪಾನಿಯಲ್ಲಿ 'ಜುನ್‌ಶಿ' ಎನ್ನುತ್ತಾರೆ. ಹಳಗನ್ನಡದ 'ವೇಳೆವಾಳಿ' ಅದಕ್ಕೆ ಹತ್ತಿರದ ಮಾತು. ಈ ಪದವನ್ನು ಮೊದಲು ಆಡುವವಳು ಸೆನ್ಸೆಯ ಹೆಂಡತಿ, ಅದೂ ತಮಾಷೆಗೆ. ತಾನು ಆ ಪದವನ್ನು ಮರೆತೇಬಿಟ್ಟಿದ್ದೆನೆಂದೂ, ಈಗ ಯಾರಿಗೂ ಬೇಡವಾದ ಆ ಹಳೆಯ ಮಾತಿಗೆ ಹೊಸ ಅರ್ಥವನ್ನು ತುಂಬಿದಂತೆ ಅನ್ನಿಸಿತೆಂದೂ ಸೆನ್ಸೆ ತನ್ನ ಕೊನೆಯ ಪತ್ರದಲ್ಲಿ ಬರೆಯುತ್ತಾನೆ. ಆದ್ದರಿಂದ ಇದು ಹಳೆಯ ಮನೆಗೆ ಮರಳಿದ್ದಲ್ಲ. ಅವನು ಯಾವ ಒಡೆಯನಿಗೂ ಸೇವಕನಾಗಿರಲಿಲ್ಲ. ಅವನು ಹಿಂಬಾಲಿಸುವುದು ಒಂದು ಯುಗವನ್ನು, ಎಂದರೆ ತನ್ನನ್ನು ಒಂಟಿಯನ್ನಾಗಿ ಮಾಡಿದ ಆ ಕಾಲವನ್ನೇ.

1911ರ ಆಗಸ್ಟ್‌ನಲ್ಲಿ ವಾಕಾಯಾಮಾದಲ್ಲಿ ಸೋಸೆಕಿಯವರು ಆಧುನಿಕ ಜಪಾನಿನ ನಾಗರಿಕತೆಯನ್ನು ಕುರಿತು ಮಾಡಿದ ಉಪನ್ಯಾಸವನ್ನು ಇದರ ಜೊತೆಗಿಟ್ಟು ಓದಿದರೆ ತೊಡಕು ಸಡಿಲವಾಗುತ್ತದೆ. ಪಶ್ಚಿಮದ ಬದಲಾವಣೆ ಮೊಗ್ಗು ಬಿರಿಯುವಂತೆ ಒಳಗಿನಿಂದ ಬಂದದ್ದು, ಜಪಾನಿನದು ಹೊರಗಿನ ಒತ್ತಡಕ್ಕೆ ಮಣಿದು ಬಂದದ್ದು ಎಂಬುದು ಅಲ್ಲಿನ ವಾದ. ಊಟಕ್ಕೆ ಕುಳಿತವನಿಗೆ ಏನೇನು ಬಡಿಸಿದ್ದಾರೆಂದು ಕಣ್ಣಿಗೆ ಬೀಳುವ ಮೊದಲೇ ಆ ಮಣೆಯನ್ನು ಎತ್ತಿ ಹೊಸದನ್ನು ತಂದಿಟ್ಟಂತೆ ಎಂಬ ಹೋಲಿಕೆಯನ್ನು ಅವರು ಕೊಡುತ್ತಾರೆ. ಇದಕ್ಕೆ ಪರಿಹಾರವನ್ನು ಮಾತ್ರ ಅವರು ಹೇಳುವುದಿಲ್ಲ. ಕಣ್ಣೀರು ನುಂಗಿಕೊಂಡು ಮೇಲ್ಮೈಯಲ್ಲೇ ಜಾರುತ್ತ ಹೋಗಬೇಕು ಎನ್ನುತ್ತಾರೆ. ಆ ಪ್ರಾಮಾಣಿಕತೆಯೇ ನನಗೆ ಅವರ ಮೇಲಿರುವ ಗೌರವಕ್ಕೆ ಕಾರಣ.

ಎರಡನೆಯ ಉತ್ತರ

ಹಳೆಯ ಮಾತಿಗೆ ಹೊಸ ಅರ್ಥ ತುಂಬುವ ಈ ಕಷ್ಟ ಸೋಸೆಕಿಯವರಿಂದ ಶುರುವಾದದ್ದಲ್ಲ. ಪಶ್ಚಿಮವನ್ನು ಒಪ್ಪುವ, ಬಿಡುವ ಚರ್ಚೆಗಿಂತ ಮೊದಲೇ ಆಧುನಿಕತೆ ಕಾದಂಬರಿಕಾರರಿಗೆ ಎದುರಾದದ್ದು ವಾಕ್ಯದ ಕೊನೆಯಲ್ಲಿ. ಜಪಾನಿಯಲ್ಲಿ ಆಡುಮಾತಿನ ಕ್ರಿಯಾಪದವೇ ಕೇಳುವವನ ಎದುರು ಹೇಳುವವನ ಸ್ಥಾನ ಯಾವುದೆಂದು ಸೂಚಿಸಿಬಿಡುತ್ತದೆ. ಹಾಗಿರುವಾಗ, ಎದುರಿಗೆ ಯಾರೂ ಇಲ್ಲದೆ, ಅಪರಿಚಿತ ಓದುಗನಿಗಾಗಿ ಕಥೆ ಹೇಳುವ ನಿರೂಪಕ ತನ್ನ ವಾಕ್ಯವನ್ನು ಹೇಗೆ ಮುಗಿಸಬೇಕು? 'ಉಕಿಗುಮೊ' (1887–89) ಕಾದಂಬರಿಯನ್ನು ಬರೆಯಲು ಹೊರಟ ಫುತಾಬಾತೆಯ್ ಶಿಮೆಯ್‌ಯವರು ಸಲಹೆ ಕೇಳಿದಾಗ, ವಿಮರ್ಶಕ ತ್ಸುಬೊಉಚಿ ಶೋಯೋ ಅವರು ಕಥನಕಾರ ಎಂಚೋ ಹೇಳುತ್ತಿದ್ದ ಹಾಗೆ ಬರೆದು ನೋಡಿ ಎಂದರಂತೆ. ಎಂಚೋ ವೇದಿಕೆಯಲ್ಲಿ ಹೇಳಿದ ಕಥೆಗಳು ಆಗ ಶೀಘ್ರಲಿಪಿಯ ಮೂಲಕ ಅಚ್ಚಾಗುತ್ತಿದ್ದವು. ಗೌರವಸೂಚಕ ರೂಪಗಳನ್ನು ಬಿಡುವುದೇ ಒಳ್ಳೆಯದೆಂದು ತ್ಸುಬೊಉಚಿಯವರು ಹೇಳಿದಾಗ ಫುತಾಬಾತೆಯ್‌ಯವರಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಆದರೂ ಹಾಗೆಯೇ ಬರೆದರು. ಸರ್ಕಾರಿ ಕಚೇರಿಯಿಂದ ವಜಾ ಆಗಿ, ಕೋಣೆಯಲ್ಲಿ ಕುಳಿತು ತನ್ನಷ್ಟಕ್ಕೆ ಯೋಚಿಸುತ್ತಲೇ ಇರುವ ಕಥಾನಾಯಕ ಬುನ್‌ಜೋನ ಮನಸ್ಸನ್ನು ಹಿಡಿಯಲು ಇಂಥದೊಂದು ವಾಕ್ಯ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ಕಾದಂಬರಿ ಅಪೂರ್ಣವಾಗಿಯೇ ಉಳಿಯಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹೆಂಡತಿಯ ತಮಾಷೆಯ ಮಾತನ್ನು ನಾನು ಎರಡು ಸಲವೂ ಗಮನಿಸದೆ ದಾಟಿಬಿಟ್ಟಿದ್ದೆ. ಹಾಗಾದರೆ ಹೊಸ ವಾಕ್ಯ ಸಿಕ್ಕದವರಿಗೆ ಹೊಸ ಕಾಲವೂ ಕಾಣಲಿಲ್ಲವೆಂದು ಹೇಳಬಹುದೇ?

ಮೂರನೆಯ ಉತ್ತರ

ಹಾಗೆ ಹೇಳುವುದು ತಪ್ಪಾಗುತ್ತದೆ, ಮತ್ತು ಅದನ್ನು ತೋರಿಸಲು ಹಿಗುಚಿ ಇಚಿಯೋ ಒಬ್ಬರೇ ಸಾಕು. 1896ರಲ್ಲಿ, 24ನೆಯ ವಯಸ್ಸಿಗೇ ತೀರಿಕೊಂಡ ಈ ಲೇಖಕಿ ಬರೆದದ್ದು ಗ್ರಾಂಥಿಕ ಶೈಲಿಯಲ್ಲಿ: ನಿರೂಪಣೆ ಎಲ್ಲಿ ಮುಗಿದು ಪಾತ್ರದ ಮಾತು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲಾಗದಂತೆ ಹರಿಯುವ ಉದ್ದುದ್ದ ವಾಕ್ಯಗಳಲ್ಲಿ. ಆದರೂ ಟೋಕಿಯೋದ ಯೋಶಿವಾರಾ ವೇಶ್ಯಾವಾಟಿಕೆಯ ಅಂಚಿನ ಮಕ್ಕಳನ್ನು ಕುರಿತ 'ತಾಕೆಕುರಾಬೆ'ಯಲ್ಲಿ, ಅಕ್ಕನ ದಾರಿಯನ್ನೇ ಹಿಡಿಯಬೇಕಾದ ಹುಡುಗಿ ಮಿದೋರಿ ಒಂದು ದಿನ ಇದ್ದಕ್ಕಿದ್ದಂತೆ ಆಟ ಬಿಟ್ಟು ಮೌನವಾಗುವ ಬಗೆಯಲ್ಲಿ, ಹೊಸ ರಾಜಧಾನಿಯ ಹಣದ ಲೆಕ್ಕ ಯಾರ ಮೈಮೇಲೆ ಬೀಳುತ್ತಿತ್ತೆಂಬುದು ಕಾಣುತ್ತದೆ. ಬುನ್‌ಜೋ ಮತ್ತು ಸೆನ್ಸೆ ಇಬ್ಬರೂ ಓದಿದ ಗಂಡಸರು. ತಮ್ಮ ಒಂಟಿತನವನ್ನು ಕುರಿತು ಪುಟಗಟ್ಟಲೆ ಯೋಚಿಸುವ ಬಿಡುವು ಅವರಿಗಿತ್ತು. ಮಿದೋರಿಗೆ ಅದಿಲ್ಲ.

ಶಿಮಾಜಾಕಿ ತೋಸೋನ್ ಅವರ 'ಹಕಾಯ್' (1906) ಕಾದಂಬರಿಯನ್ನೂ ಇಲ್ಲಿ ನೆನೆಯಬೇಕು. ಬಹಿಷ್ಕೃತ ಸಮುದಾಯಗಳ ಮೇಲಿದ್ದ ಕಟ್ಟುಗಳನ್ನು 1871ರ ಆಜ್ಞೆ ಕಾಗದದ ಮೇಲೆ ತೆಗೆದುಹಾಕಿತ್ತು. ಅದಾದ ಎಷ್ಟೋ ವರ್ಷಗಳ ಮೇಲೂ ಶಾಲಾ ಶಿಕ್ಷಕ ಉಶಿಮಾತ್ಸು, ಅಂಥ ಸಮುದಾಯದಲ್ಲಿ ಹುಟ್ಟಿದ್ದನ್ನು ಯಾರಿಗೂ ಹೇಳಕೂಡದೆಂಬ ತಂದೆಯ ಕಟ್ಟಪ್ಪಣೆಯನ್ನು ಎದೆಯಲ್ಲಿಟ್ಟುಕೊಂಡೇ ಬದುಕುತ್ತಾನೆ, ಕೊನೆಗೆ ತನ್ನ ವಿದ್ಯಾರ್ಥಿಗಳೆದುರು ನಿಂತು ಅದನ್ನು ಮುರಿಯುತ್ತಾನೆ. ಅವನು ಅಲ್ಲಿ ಮಕ್ಕಳ ಮುಂದೆ ಕ್ಷಮೆ ಕೇಳುವುದು ನನ್ನನ್ನು ಇಂದಿಗೂ ಕಲಕುತ್ತದೆ, ಏಕೆಂದರೆ 'ನಾನು ಇಂಥವನು' ಎಂದು ಬಾಯಿಬಿಟ್ಟು ಹೇಳುವ ಹೊಸ ಕಾಲದ ಧೈರ್ಯ, ತಲೆಬಾಗುವ ಹಳೆಯ ಭಂಗಿ ಎರಡೂ ಒಂದೇ ದೇಹದಲ್ಲಿ, ಒಂದೇ ಗಳಿಗೆಯಲ್ಲಿ ಇವೆ. ಸೆನ್ಸೆಗೂ ತಪ್ಪೊಪ್ಪಿಗೆಯೇ ಬೇಕಿತ್ತು, ಆದರೆ ಅವನು ಅದನ್ನು ಪತ್ರದಲ್ಲಿ ಬರೆದು, ಹೆಂಡತಿಗೆ ತಿಳಿಸಬಾರದೆಂದು ಕಿರಿಯ ಗೆಳೆಯನಿಂದ ಗುಟ್ಟು ಬೇಡಿಕೊಂಡ.