ಅಜ್ಜನ ಚಾಕು, ಮಗನ ಅರ್ಜಿ

ಇಂಗ್ಲೆಂಡಿನಿಂದ ರಜೆಗೆ ಊರಿಗೆ ಬಂದಿದ್ದೇವೆ. ವಿರಾಜಪೇಟೆ ಕಡೆ ಬಿಡದ ಮಳೆ, ಕರೆಂಟ್ ಇಲ್ಲ. ಮೊಬೈಲ್ ಚಾರ್ಜ್ ಮುಗಿಯುವ ಮೊದಲು ಬರೆದುಬಿಡುತ್ತೇನೆ. ಮಗನಿಗೆ ಪೊಲೀಸ್ ಕಾಶನ್ (ಕೋರ್ಟಿಗೆ ಎಳೆಯದೆ ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ) ಆಗಿದೆ, ಯೂನಿವರ್ಸಿಟಿಗೆ ಹೇಳಬೇಕಾ ಅಂತ ಒಬ್ಬರು ಕೇಳಿದ್ದರಲ್ಲ, ಅದು ನಮ್ಮ ಮನೆಯಲ್ಲೂ ಆದದ್ದೇ.

ಮಗನಿಗೆ ಆಗ 15. ಅಜ್ಜ ತೋಟದಲ್ಲಿ ಕಿತ್ತಳೆ ಸುಲಿಯುವ ಮಡಚುವ ಚಾಕು ಕೊಟ್ಟರು. ಮರದ ಹಿಡಿ, ಬಿಡಿಸಿದರೆ ಟಕ್ ಅಂತ ಲಾಕ್ ಆಗುತ್ತದೆ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಊರು ನಮ್ಮದು, ಇಲ್ಲಿ ಚಾಕು ಯಾರ ಲೆಕ್ಕಕ್ಕೆ? ಇಂಗ್ಲೆಂಡಿನಲ್ಲಿ ಅದು ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿತು. ಅಲ್ಲಿ ಅಲಗು 3 ಇಂಚಿನೊಳಗಿರುವ ಮಡಚುವ ಚಾಕುವಿಗೆ ವಿನಾಯಿತಿ ಇದೆ, ಲಾಕ್ ಆಗುವಂಥದ್ದಕ್ಕೆ ಇಲ್ಲ. ಆ ಟಕ್ ಶಬ್ದವೇ ಮುಳುವಾಯಿತು. ಯೂತ್ ಕಾಶನ್, ಅಂದರೆ 18 ತುಂಬದವರಿಗೆ ಕೊಡುವ ಕಾಶನ್, ಕೊಟ್ಟರು.

ಈಗ ನರ್ಸಿಂಗ್‌ಗೆ ಅರ್ಜಿ ಹಾಕುವಾಗ ಮನೆಯಲ್ಲಿ ಎರಡು ಪಕ್ಷ. ಭಾವ, "ಸುಮ್ನೆ ಬಾಯಿ ಮುಚ್ಚಿಕೊಂಡಿರಿ, ಮರ್ಯಾದೆ ಪ್ರಶ್ನೆ" ಅಂದರು. ನನ್ನ ಹೆಂಡತಿ ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟಿನಲ್ಲೇ ಎಲ್ಲ ಬರೆಸಲು ಹೊರಟಿದ್ದಳು. ನನಗೆ ಎರಡೂ ಸರಿ ಕಾಣಲಿಲ್ಲ. ಫಾರಂ ಏನು ಕೇಳುತ್ತದೆ ಅಂತ ಯಾರೂ ಓದಿಯೇ ಇರಲಿಲ್ಲ!

ಬ್ರಿಟನ್ನಿನ ಯೂನಿವರ್ಸಿಟಿ ಅರ್ಜಿಗಳೆಲ್ಲ ಹೋಗುವ ಯುಕಾಸ್ (UCAS) ಮೊದಲು ಅಪರಾಧದ ದಾಖಲೆ ಇದೆಯಾ ಅಂತ ಎಲ್ಲರನ್ನೂ ಕೇಳುತ್ತಿತ್ತು. 2019ರ ಪ್ರವೇಶದಿಂದ ಆ ಪ್ರಶ್ನೆ ತೆಗೆದುಹಾಕಿದರು. ಮೆಡಿಸಿನ್, ನರ್ಸಿಂಗ್, ಟೀಚಿಂಗ್, ಸೋಶಿಯಲ್ ವರ್ಕ್ ಥರದ ಕೋರ್ಸ್‌ಗಳಿಗೆ ಮಾತ್ರ ಈಗಲೂ ಇದೆ, ಏಕೆಂದರೆ ಅಲ್ಲಿ ಡಿಬಿಎಸ್ (DBS), ಅಂದರೆ ಸರ್ಕಾರದ ಅಪರಾಧ ದಾಖಲೆ ತಪಾಸಣೆ ಆಗುತ್ತದೆ. ಕಾಶನ್ ಅಂದರೆ ಕೋರ್ಟಿನ ಶಿಕ್ಷೆ ಅಲ್ಲ. 2020ರ ನವೆಂಬರ್‌ನಿಂದ ಯೂತ್ ಕಾಶನ್ ಡಿಬಿಎಸ್ ಸರ್ಟಿಫಿಕೇಟಿನಲ್ಲಿ ತಾನಾಗಿ ಬರುವುದೂ ಇಲ್ಲ. ಆದರೂ ಧೈರ್ಯ ಸಾಲದೆ, ಹೆಸರು ಹೇಳದೆ ಅಡ್ಮಿಶನ್ ಆಫೀಸಿಗೆ ಫೋನ್ ಮಾಡಿ ಕೇಳಿದೆ. ಬರೆಯಬೇಕಾಗಿಲ್ಲ ಅಂದರು. ದೊಡ್ಡವರಾದ ಮೇಲೆ ಆದ ಕೇಸಿಗೆ ಈ ಲೆಕ್ಕ ಹಿಡಿಯಬೇಡಿ, ಅದರ ದಾರಿಯೇ ಬೇರೆ.

ಅಮೆರಿಕದಲ್ಲಿರುವವರಿಗೆ: ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆಪ್ ಕೂಡ 2019ರಿಂದ ಎಲ್ಲರಿಗೂ ಕೇಳುವ ಭಾಗದಿಂದ ಇದನ್ನು ಬಿಟ್ಟಿದೆ. ಆದರೆ ಕಾಲೇಜುಗಳು ತಮ್ಮದೇ ಪುಟದಲ್ಲಿ ಕೇಳಬಹುದು.

ನಿಜವಾದ ಗುಂಡಿ ಇರುವುದು ವೀಸಾ ಫಾರಂನಲ್ಲಿ. ಇಲ್ಲಿಂದ ಓದಲು ಹೊರಟ ಅಕ್ಕನ ಮಗ, ಯೂನಿವರ್ಸಿಟಿ ಕೇಳಲಿಲ್ಲ, ಹಾಗಾಗಿ ವೀಸಾಕ್ಕೂ ಬೇಡ ಅಂದುಕೊಂಡಿದ್ದ. ಬ್ರಿಟನ್ ಫಾರಂ ಶಿಕ್ಷೆ ಮಾತ್ರವಲ್ಲ, ಕಾಶನ್, ಗಾಡಿ ಓಡಿಸುವಾಗಿನ ದಂಡ ಎಲ್ಲ ಕೇಳುತ್ತದೆ, ಯಾವ ದೇಶದ್ದಾದರೂ ಸರಿ. ಅಮೆರಿಕದ್ದು ಅರೆಸ್ಟ್ ಆಗಿದ್ದರೂ ಹೇಳು ಅನ್ನುತ್ತದೆ. ಗೋಣಿಕೊಪ್ಪದಲ್ಲಿ ಬೈಕಿಗೆ ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದು ಕಟ್ಟಿದ ದಂಡವನ್ನೂ ಅವನ ಕೈಯಲ್ಲಿ ಬರೆಸಿದೆ. ದಂಡದಿಂದ ವೀಸಾ ಹೋಗುವುದು ಅಪರೂಪ, ಮುಚ್ಚಿಟ್ಟದ್ದು ಗೊತ್ತಾದರೆ ಬ್ರಿಟನ್ನಿಗೆ 10 ವರ್ಷ ಬಾಗಿಲು ಮುಚ್ಚಬಹುದು.

ಅಜ್ಜನಿಗೆ ಮಾತ್ರ ಚಾಕು ಕಳೆದುಹೋಯಿತು ಅಂತ ಹೇಳಿದ್ದೇವೆ. ನಿನ್ನೆ ಮಗನನ್ನು ಕರೆದು ಇನ್ನೊಂದು ಕೊಟ್ಟರು. ಅದೂ ಲಾಕ್ ಆಗುವುದೇ. ಸದ್ಯಕ್ಕೆ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿದೆ, ಅಲ್ಲೇ ಇರುತ್ತದೆ.