ಅಕ್ಕ, ನಿಮ್ಮ ಹಳೆ ಶಿಂಗಲ್ ಪ್ರಶ್ನೆಗೆ ಉತ್ತರ

ಅಕ್ಕ, ನಿಮ್ಮ ಮೆಸೇಜು ಬೆಳಿಗ್ಗೆಯೇ ಕೇಳಿಸಿಕೊಂಡೆ. ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡಿಕೊಂಡೇ ಕೇಳಿ. ಮುಂದಿನ ತಿಂಗಳು ರೂಫ್ ಬದಲಾಯಿಸುತ್ತಿದ್ದೀರಿ, ಕಿತ್ತ ಶಿಂಗಲ್ಲೆಲ್ಲ, ಅಂದರೆ ರೂಫಿನ ಮೇಲೆ ಹೆಂಚಿನ ಹಾಗೆ ಹೊದಿಸಿ ಮೊಳೆ ಹೊಡೆದ ಡಾಂಬರಿನ ಹಾಳೆಯೆಲ್ಲ, ಕಸಕ್ಕೇ ಹೋಗಬೇಕಾ ಅಂತ ಕೇಳಿದ್ದಿರಿ. "ಆ ಕರಿ ಹಾಳೆ ಯಾರಿಗೆ ಬೇಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅಂತ ಭಾವ ಅಂದರಂತೆ. ಭಾವ, ನೀವೂ ಕೇಳಿಸಿಕೊಳ್ಳಿ. ಬೇಕಾದವರು ಇದ್ದಾರೆ. ರಸ್ತೆ ಹಾಕುವವರಿಗೆ ಬೇಕು.

ಹಳೆ ಶಿಂಗಲ್ ಒಂದನ್ನು ಕೈಯಲ್ಲಿ ಮುರಿದು ನೋಡಿ. ಹಪ್ಪಳದ ಹಾಗೆ ಟಕ್ ಅಂತ ಮುರಿಯುತ್ತದೆ. ಒಳಗೆ ತೆಳು ಗಾಜಿನ ನಾರಿನ ಹಾಳೆ, ಅದರ ಎರಡೂ ಕಡೆ ಡಾಂಬರು, ಡಾಂಬರಿನೊಳಗೆ ಸುಣ್ಣಕಲ್ಲಿನ ಪುಡಿ, ಮೇಲೆ ಬಣ್ಣದ ಕಲ್ಲಿನ ಹರಳು. ರಸ್ತೆಯಲ್ಲಿ ಇರುವುದೂ ಡಾಂಬರು ಮತ್ತು ಕಲ್ಲೇ ಅಲ್ವಾ? ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಡಾಂಬರೇ ಇರುತ್ತದೆ. ಅಷ್ಟು ಹೊಸ ಡಾಂಬರು ಕೊಳ್ಳುವುದು ತಪ್ಪುತ್ತದಲ್ಲ, ಅದಕ್ಕೇ ಇದಕ್ಕೆ ಬೆಲೆ.

ಹಾಗಂತ ಎಷ್ಟು ಬೇಕಾದರೂ ಸುರಿಯುವ ಹಾಗಿಲ್ಲ. ಶಿಂಗಲ್ ಬಿಸಿಲಿಗೆ ಕರಗಿ ಇಳಿಯಬಾರದು ಅಂತ ಅದರ ಡಾಂಬರಿಗೆ ಬಿಸಿಯಲ್ಲಿ ಗಾಳಿ ಊದಿ ಗಟ್ಟಿ ಮಾಡಿರುತ್ತಾರೆ. ಆಮೇಲೆ ಇಪ್ಪತ್ತು ವರ್ಷದ ಬಿಸಿಲು ಬೇರೆ. ಅದು ಜಾಸ್ತಿ ಆದರೆ ರಸ್ತೆ ಬಿರುಸಾಗಿ ಚಳಿಗಾಲದಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ರಸ್ತೆಗೆ ಹಾಕುವ ಮಿಶ್ರಣದ ತೂಕದಲ್ಲಿ ಶಿಂಗಲ್ ಪುಡಿಯನ್ನು ಸಾಮಾನ್ಯವಾಗಿ 5 ಶೇಕಡಾ ದಾಟಿಸುವುದಿಲ್ಲ. ಅದಕ್ಕೂ ಮೊದಲು ಯಂತ್ರದಲ್ಲಿ ಅರ್ಧ ಇಂಚಿಗಿಂತ ಸಣ್ಣಗೆ ಪುಡಿ ಮಾಡಿ, ಆಯಸ್ಕಾಂತ ಹಿಡಿದು ಮೊಳೆ ಎಳೆದು ಹಾಕುತ್ತಾರೆ. ಪುಡಿ ಸೆಕೆಗೆ ಮತ್ತೆ ಅಂಟಿಕೊಂಡು ಗುಡ್ಡೆಯೇ ಒಂದು ಬಂಡೆಯಾಗಿಬಿಡುತ್ತದಂತೆ. ಹಾಗಾಗದಿರಲಿ ಅಂತ ಮರಳು ಬೆರೆಸುವುದೂ ಉಂಟು.

ಲೆಕ್ಕ ಸಣ್ಣದಲ್ಲ ಅಕ್ಕ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಶಿಂಗಲ್ ಕಸ ಆಗುತ್ತದೆ ಅನ್ನುವುದು ತುಂಬಾ ವರ್ಷದಿಂದ ಹೇಳುವ ಅಂದಾಜು. ಬಹುಪಾಲು ಮನೆಗಳ ಮೇಲಿಂದ ಕಿತ್ತದ್ದೇ. ನಮ್ಮನೆಯದು 20 ಸ್ಕ್ವೇರ್, ಅಂದರೆ 2,000 ಚದರಡಿ. ಅದೊಂದರಿಂದಲೇ ಎರಡು ಟನ್ ಮೇಲೆ ಬಂತು.

ಈಗ ನನ್ನ ಪೆದ್ದುತನದ ಕಥೆ. ನಾನೂ ನಿಮ್ಮ ಹಾಗೆ ಮರುಬಳಕೆಗೆ ಕಳಿಸಬೇಕು ಅಂತ ರೂಫಿನವರಿಗೆ ಬಾಯಲ್ಲಿ ಹೇಳಿದ್ದೆ. "ಆಯ್ತು ಆಯ್ತು" ಅಂದರು. ಬೆಳಿಗ್ಗೆ ಏಳಕ್ಕೆ ಕೆಲಸ ಶುರು. ಡಂಪ್‌ಸ್ಟರಿಗೆ, ಅಂದರೆ ಅಂಗಳದಲ್ಲಿಟ್ಟ ದೊಡ್ಡ ಕಸದ ತೊಟ್ಟಿಗೆ, ಶಿಂಗಲ್ ದಬದಬ ಬೀಳುತ್ತಿತ್ತು, ನಾನು ಖುಷಿಯಾಗಿ ಒಳಗೆ ಹೋದೆ. ಮಧ್ಯಾಹ್ನ ಬಂದು ಇಣುಕಿದರೆ ಅದರ ಮೇಲೆ ಕೊಳೆತ ಪ್ಲೈವುಡ್, ಮುರಿದ ಗಟರ್, ಹೊಸ ಬಂಡಲ್ಲಿನ ಪ್ಲಾಸ್ಟಿಕ್ಕು, ಕುಡಿದು ಬಿಸಾಕಿದ ಡಬ್ಬಿಗಳು. ಲಾರಿ ಮರುಬಳಕೆಯವರ ಗೇಟಿಗೆ ಹೋಯಿತು, ಅವರು ಮೇಲಿಂದ ನೋಡಿ ವಾಪಸ್ ಕಳಿಸಿದರು. ಎರಡು ಟನ್ನೂ ಸೀದಾ ಕಸ ಹೂಳುವ ಲ್ಯಾಂಡ್‌ಫಿಲ್‌ಗೆ. ಕೆಲಸದವರನ್ನು ಬೈದು ಏನು ಬಂತು? ಅವರಿಗೆ ಯಾರೂ ಹೇಳಿರಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಒಂದು ಶಿಂಗಲ್ ಕೀಳುವುದಕ್ಕೂ ಮೊದಲೇ ಇದು ತೀರ್ಮಾನ ಆಗಬೇಕು. ಎಸ್ಟಿಮೇಟಿನಲ್ಲೇ ಬರೆಸಿ: ಶಿಂಗಲ್ಲಿಗೇ ಒಂದು ಪ್ರತ್ಯೇಕ ಡಂಪ್‌ಸ್ಟರ್, ಮರ, ತಗಡು, ಪ್ಲಾಸ್ಟಿಕ್ ಬೇರೆ ಕಡೆ, ಕೊನೆಗೆ ಮರುಬಳಕೆ ಜಾಗದ ತೂಕದ ಚೀಟಿ ನಿಮ್ಮ ಕೈಗೆ. ಚೀಟಿ ಕೇಳುತ್ತೀರಿ ಅಂತ ಗೊತ್ತಾದರೆ ಅವರೂ ಎಚ್ಚರವಾಗಿರುತ್ತಾರೆ. ಭಾರದ ಮಾಲು ನೋಡಿ, ಡಂಪ್‌ಸ್ಟರಿನ ತೂಕದ ಮಿತಿ ದಾಟಿದರೆ ಹೆಚ್ಚಿನ ದುಡ್ಡು ಯಾರು ಕೊಡಬೇಕು ಅನ್ನುವುದನ್ನೂ ಅಲ್ಲೇ ಬರೆಸಿಬಿಡಿ.

ಮರುಬಳಕೆಯವರಿಗೆ ನೀವೇ ಒಂದು ಫೋನ್ ಮಾಡಿ, ಕಾಂಟ್ರಾಕ್ಟರ್ ಮಾತನ್ನೇ ನಂಬಿಕೊಂಡು ಕೂರಬೇಡಿ. ಕೆಲವರು ಕಾರ್ಖಾನೆಯಲ್ಲಿ ಉಳಿದ ಚೂರು ಮಾತ್ರ ತಗೊಳ್ಳುತ್ತಾರೆ, ಮನೆಯಿಂದ ಕಿತ್ತದ್ದು ಬೇಡ ಅನ್ನುತ್ತಾರೆ. ಮೊಳೆ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಅಡಿಯಲ್ಲಿರುವ ಕರಿ ಕಾಗದ ಸೇರಿದ್ದರೆ ನಡೆಯುತ್ತದಾ ಅಂತ ಕೇಳಿ. ಇನ್ನೊಂದು, ಆಸ್ಬೆಸ್ಟಾಸ್, ಅಂದರೆ ಉಸಿರಿನಲ್ಲಿ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು. ಹಳೆ ಕಾಲದ ಕೆಲವು ರೂಫುಗಳಲ್ಲಿ, ಶಿಂಗಲ್ಲಿನಲ್ಲೋ ಅಂಟಿಸುವ ಮೇಣದಲ್ಲೋ ಅದು ಇರುತ್ತಿತ್ತು. ಪುಡಿ ಮಾಡಿದಾಗ ಗಾಳಿಗೆ ಬರುತ್ತದೆ, ಅದಕ್ಕೆ ಕೆಲವು ಕಡೆ ಪರೀಕ್ಷೆಯ ಕಾಗದ ಕೇಳುತ್ತಾರೆ. ನಿಮ್ಮ ಮನೆ ಹಳೆಯದು, ಅಡಿಯಲ್ಲಿ ಇನ್ನೊಂದು ಪದರ ಇದ್ದರೂ ಇರಬಹುದು. ಮೊದಲೇ ಒಂದು ಚೂರು ಲ್ಯಾಬಿಗೆ ಕಳಿಸಿ.

ಹಳೆಯದರ ಮೇಲೇ ಹೊಸದು ಹೊಡೆಸೋಣ ಅಂತ ಭಾವ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಸ ಉಳಿಯಿತು ಅನಿಸುತ್ತದೆ, ಆದರೆ ಮುಂದಿನ ಸಲ ಎರಡು ಪದರ ಒಟ್ಟಿಗೇ ಕೀಳಬೇಕು. ಅಡಿಯ ಹಲಗೆ ಕೊಳೆತಿದ್ದರೂ ಕಾಣುವುದಿಲ್ಲ. ಅಡಿಯಲ್ಲಿ ಆಗಲೇ ಎರಡು ಇದ್ದರಂತೂ ಮೂರನೆಯದಕ್ಕೆ ಕೋಡ್, ಅಂದರೆ ಮನೆ ಕಟ್ಟುವ ನಿಯಮ, ಬಿಡುವುದಿಲ್ಲ. ಕಿತ್ತ ಶಿಂಗಲ್ಲನ್ನು ತೋಟದ ದಾರಿಗೆ ಹಾಸುವ ಐಡಿಯಾ ಕೂಡ ಬೇಡ. ಎಣ್ಣೆಯ ಮಾಲು ಅದು, ತರಕಾರಿ ಬೆಳೆಯುವ ಮಣ್ಣಿಗೆ ಯಾಕೆ? ಸುಡುವ ಮಾತಂತೂ ಎತ್ತಲೇಬೇಡಿ.

ಸಂಜೆ ಅವರು ಹೊರಡುವ ಮುಂಚೆ ಬಿದ್ದ ಮೊಳೆ ಹೆಕ್ಕಲು ಅಂಗಳದಲ್ಲಿ ಚಕ್ರದ ಆಯಸ್ಕಾಂತವನ್ನು ಎರಡು ಸಲ ಓಡಿಸಲು ಹೇಳಿ. ಹಳೆ ಮಾದರಿ ಶಿಂಗಲ್ಲಾದರೆ ಒಂದಕ್ಕೆ ನಾಲ್ಕು ಮೊಳೆ, ಒಂದು ಸ್ಕ್ವೇರಿಗೆ 80 ಶಿಂಗಲ್. ನಮ್ಮನೆಯಷ್ಟು ರೂಫಿಗೆ 6,400 ಮೊಳೆ ಆಯಿತು. ನಮ್ಮಲ್ಲಿ ಒಂದೇ ಸಲ ಓಡಿಸಿ ಹೋದರು. ಮೂರು ವಾರ ಆದ ಮೇಲೆ ಕಾರಿನ ಟೈರು ಪಂಕ್ಚರ್, ನೋಡಿದರೆ ಅಗಲ ತಲೆಯ ರೂಫಿಂಗ್ ಮೊಳೆ. ಎಸ್ಟಿಮೇಟ್ ಬಂದ ಮೇಲೆ ಫೋಟೋ ಹಾಕಿ ಅಕ್ಕ, ಒಟ್ಟಿಗೆ ಓದೋಣ.